ನಾಗರಕನ ವಸಂತ

ಮದುವೆಯಾಗಿ ಹೊಸದಾಗಿ ಮನೆ ಹೂಡಿದ ತರುಣನೊಬ್ಬ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಬೇಕು, ಯಾವ ಗೆಳೆಯರೊಡನೆ ಕೂಡಬೇಕು, ವಸಂತ ಬಂದಾಗ ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಸೂತ್ರ ಕಟ್ಟಿ ಬರೆದಿಟ್ಟವರು ನಮ್ಮ ಹಿಂದಿನವರು. ವಾತ್ಸ್ಯಾಯನನ ಕಾಮಸೂತ್ರದ ಮೊದಲನೆಯ ಅಧಿಕರಣದ ನಾಲ್ಕನೆಯ ಅಧ್ಯಾಯಕ್ಕೆ 'ನಾಗರಕವೃತ್ತ' ಎಂದು ಹೆಸರು. ಗ್ರಂಥದ ಹೆಸರು ಕಿವಿಗೆ ಬಿದ್ದೊಡನೆ ಹುಬ್ಬು ಗಂಟಿಕ್ಕುವ ಸಜ್ಜನರುಂಟು. ಅದೇ ಹೆಸರಿಗೆ ಕಣ್ಣರಳಿಸುವವರೂ ಉಂಟು. ಸಾಮಾನ್ಯವಾಗಿ ಇಬ್ಬರೂ ಈ ಅಧ್ಯಾಯವನ್ನು ಓದಿರುವುದಿಲ್ಲ. ಇವರು ಅಂಜುವ, ಅವರು ಹುಡುಕುವ ವಿಷಯವೆಲ್ಲ ಏಳು ಅಧಿಕರಣಗಳಲ್ಲಿ ಮುಖ್ಯವಾಗಿ ಎರಡನೆಯದರಲ್ಲಿದೆ. ಉಳಿದ ಕಡೆ ಮದುವೆ, ಮನೆವಾರ್ತೆ, ಊರಿನ ಒಳ್ಳೆಯ ನಡತೆ, ಕೆಟ್ಟ ನಡತೆ ಎಲ್ಲ ಬರುತ್ತವೆ. ಇತಿಹಾಸದಲ್ಲಿ ರುಚಿಯಿರುವ ನನ್ನಂಥವನಿಗೆ ಅದೊಂದು ಅಕ್ಷಯಪಾತ್ರೆ. ಯಾವ ರಾಜನ ಶಾಸನವೂ ತಿಳಿಸದ ಸಂಗತಿ, ಎಂದರೆ ಮಂಚಕ್ಕೆ ಎಷ್ಟು ದಿಂಬು, ಗೋಡೆಯ ಗೂಟಕ್ಕೆ ಏನು ತೂಗುಹಾಕಿತ್ತು ಎಂಬುದು, ಅಲ್ಲಿ ಸಿಕ್ಕುತ್ತದೆ.

ಗ್ರಂಥದ ಕಾಲ ಸುಮಾರು ಕ್ರಿ.ಶ. 3ನೆಯ ಶತಮಾನವೆಂದು ವಿದ್ವಾಂಸರ ಮತ. ಹಾಗೆ ಎಣಿಸುವುದಕ್ಕೆ ಒಂದು ಆಧಾರ ನಮ್ಮ ನಾಡಿಗೇ ಸಂಬಂಧಪಟ್ಟದ್ದು. ಕುಂತಲದ ದೊರೆ ಶಾತಕರ್ಣಿ ಶಾತವಾಹನನು ಸರಸದ ಭರದಲ್ಲಿ 'ಕರ್ತರಿ' ಎಂಬ ಪೆಟ್ಟು ಕೊಟ್ಟು ಮಹಾದೇವಿ ಮಲಯವತಿಯನ್ನು ಕೊಂದನೆಂದು ವಾತ್ಸ್ಯಾಯನ ಹೇಳುತ್ತಾನೆ. ಇಂಥವನ್ನು ಮಾಡಬಾರದು ಎಂಬುದಕ್ಕೆ ಕೊಟ್ಟ ಉದಾಹರಣೆ ಅದು. ಇತಿಹಾಸಕಾರರು ಈ ವಾಕ್ಯವನ್ನು ಕಾಲನಿರ್ಣಯಕ್ಕೆ ಉಪಯೋಗಿಸಿಕೊಂಡು ಮುಂದೆ ಹೋಗುತ್ತಾರೆ. ನನಗೆ ಮಾತ್ರ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ. ಒಬ್ಬ ರಾಣಿಯ ಹೆಸರು ಇಷ್ಟು ಶತಮಾನ ಉಳಿದುಬಂದದ್ದು ಗಂಡನ ಆಟದಲ್ಲಿ ಆಕೆ ಸತ್ತಳೆಂಬ ಕಾರಣದಿಂದ.

ಇರಲಿ, ನಾಗರಕನ ಮನೆಯೊಳಗೆ ಹೋಗೋಣ. ವಿದ್ಯೆ ಕಲಿತು, ದಾನದಿಂದಲೋ ಜಯದಿಂದಲೋ ವ್ಯಾಪಾರದಿಂದಲೋ ಕೂಲಿಯಿಂದಲೋ ಪಿತ್ರಾರ್ಜಿತದಿಂದಲೋ ಹಣ ಕೂಡಿದ ಮೇಲೆ ಗೃಹಸ್ಥನಾಗಿ ಈ ನಡವಳಿಕೆಯನ್ನು ಹಿಡಿಯಬೇಕೆಂದು ಸೂತ್ರ. ಎಂದರೆ ಇವನು ಬ್ರಹ್ಮಚಾರಿಯಲ್ಲ, ಮದುವೆಯಾದವನು. ಮನೆ ನೀರಿನ ಹತ್ತಿರ. ಜೊತೆಗೆ ಒಂದು ಮರಗಿಡದ ತೋಟ. ಮಲಗುವ ಮನೆ ಎರಡು. ಹೊರಗಿನದರಲ್ಲಿ ನಡುವೆ ತಗ್ಗಿದ ಮೆತ್ತನೆಯ ಮಂಚ, ತಲೆದೆಸೆಗೂ ಕಾಲ್ದೆಸೆಗೂ ದಿಂಬು, ಮೇಲೆ ಬಿಳಿಯ ಹಾಸು. ತಲೆಯ ಬಳಿಯ ಜಗಲಿಯ ಮೇಲೆ ರಾತ್ರಿ ಉಳಿದ ಗಂಧ, ಹೂಮಾಲೆ, ಜೇನುಮೇಣದ ಕರಡಿಗೆ, ಮಾದಲದ ಹಣ್ಣಿನ ಸಿಪ್ಪೆ, ತಾಂಬೂಲ. ಕೆಳಗೆ ಪೀಕದಾನಿ. ಗೂಟಕ್ಕೆ ತೂಗುಹಾಕಿದ ವೀಣೆ, ಚಿತ್ರ ಬರೆಯುವ ಹಲಗೆ, ಕುಂಚದ ಪೆಟ್ಟಿಗೆ, ಗೋರಟೆ ಹೂವಿನ ಮಾಲೆ. ಅವುಗಳ ನಡುವೆ 'ಯಾವುದೋ ಒಂದು ಪುಸ್ತಕ'ವೂ ಇರಬೇಕಂತೆ! ಯಾವುದಾದರೂ ಆದೀತು, ಮನೆಯಲ್ಲೊಂದು ಪುಸ್ತಕ ಕಾಣಬೇಕು. ಈ ಸಂಪ್ರದಾಯ ಇಂದಿಗೂ ಅಳಿದಿಲ್ಲವೆಂದು ನಮ್ಮ ಅನೇಕ ದಿವಾನಖಾನೆಗಳನ್ನು ನೋಡಿದವರು ಒಪ್ಪಿಯಾರು. ಹೊರಗೆ ಆಟದ ಹಕ್ಕಿಗಳ ಪಂಜರ. ಮರಗೆಲಸದಂಥ ಕೈಗೆಲಸಕ್ಕೆ ಒಂದು ಏಕಾಂತ ಸ್ಥಳ. ತೋಟದ ನೆರಳಿನಲ್ಲಿ ಮೆತ್ತೆ ಹಾಕಿದ ಉಯ್ಯಾಲೆ.

ಆತನ ದಿನಚರಿಯೂ ಹೀಗೆಯೇ ಅಚ್ಚುಕಟ್ಟು. ಬೆಳಗ್ಗೆ ಎದ್ದು ಹಲ್ಲುಜ್ಜಿ, ಮಿತವಾಗಿ ಗಂಧ ಲೇಪಿಸಿ, ಧೂಪ ಹಾಕಿಕೊಂಡು, ಮಾಲೆ ಮುಡಿದು, ತುಟಿಗೆ ಮೇಣ ಮತ್ತು ಅರಗಿನ ಬಣ್ಣ ಹಚ್ಚಿ, ಕನ್ನಡಿ ನೋಡಿ, ತಾಂಬೂಲ ಹಾಕಿಕೊಂಡು ಕೆಲಸಕ್ಕೆ ತೊಡಗಬೇಕು. ಆ ಕೆಲಸವೇನೆಂಬುದನ್ನು ಸೂತ್ರಕಾರ ವಿವರಿಸಿಲ್ಲ. ಅದರಲ್ಲಿ ಅವನಿಗೆ ಸ್ವಾರಸ್ಯವಿಲ್ಲ. ಸ್ನಾನ ದಿನವೂ, ಮೈ ತಿಕ್ಕಿಸಿಕೊಳ್ಳುವುದು ಎರಡು ದಿನಕ್ಕೊಮ್ಮೆ, ನೊರೆಯ ಲೇಪ ಮೂರು ದಿನಕ್ಕೊಮ್ಮೆ, ಮುಖಕ್ಷೌರ ನಾಲ್ಕು ದಿನಕ್ಕೊಮ್ಮೆ. ಊಟವಾದ ಮೇಲೆ ಗಿಳಿ ಗೊರವಂಕಗಳಿಗೆ ಮಾತು ಕಲಿಸುವುದು, ಲಾವುಗೆ ಹಕ್ಕಿ, ಹುಂಜ, ಟಗರುಗಳ ಕಾಳಗ ನೋಡುವುದು, ಆಮೇಲೆ ಒಂದು ನಿದ್ದೆ. ಮಧ್ಯಾಹ್ನ ಕಳೆಯುತ್ತಲೂ ಅಲಂಕರಿಸಿಕೊಂಡು ಗೋಷ್ಠಿಗೆ ಹೊರಟ, ಸಂಜೆ ಸಂಗೀತ.

ಗೋಷ್ಠಿಯೆಂದರೆ ಗೆಳೆಯರ ಕೂಟ. ವಿದ್ಯೆ, ಬುದ್ಧಿ, ಶೀಲ, ಐಶ್ವರ್ಯ, ವಯಸ್ಸು ಇವುಗಳಲ್ಲಿ ಸಮಾನರಾದವರು ಒಬ್ಬರ ಮನೆಯಲ್ಲೋ ಸಭೆಯಲ್ಲೋ ಗಣಿಕೆಯ ಮನೆಯಲ್ಲೋ ಸೇರಿ ಕಾವ್ಯದ, ಕಲೆಯ ಸಮಸ್ಯೆಗಳನ್ನು ಬಿಡಿಸುತ್ತ ಕೂಡುವುದು. ಅಲ್ಲಿ ಕಥೆ ಹೇಳುವವನು ತೀರ ಸಂಸ್ಕೃತದಲ್ಲಿಯೂ ಹೇಳಬಾರದು, ತೀರ ದೇಶಭಾಷೆಯಲ್ಲಿಯೂ ಹೇಳಬಾರದು. ಎರಡನ್ನೂ ಹದವಾಗಿ ಬಳಸಿದವನಿಗೆ ಲೋಕದಲ್ಲಿ ಮನ್ನಣೆ ಎಂದು ಸೂತ್ರಕಾರನ ಬುದ್ಧಿವಾದ. ಜನ ದ್ವೇಷಿಸುವ, ಪರರಿಗೆ ಕೇಡು ಬಗೆಯುವ ಗೋಷ್ಠಿಗೆ ಹೋಗಲೇಬಾರದೆಂದೂ ಹೇಳಿದ್ದಾನೆ. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಸರಸ್ವತಿಯ ಗುಡಿಯಲ್ಲಿ ಸಮಾಜ ಸೇರುವುದು, ಹೊರಊರಿನ ನಟರು ಬಂದರೆ ಅವರ ಆಟ ನೋಡಿ ಮಾರನೆಯ ದಿನ ಸಂಭಾವನೆ ಕೊಡುವುದು, ಇವೂ ಆತನ ಕರ್ತವ್ಯಗಳೇ.

ಇನ್ನು ಉದ್ಯಾನಗಮನ, ಎಂದರೆ ವನವಿಹಾರ. ಇದಕ್ಕೆ ಇಂಥದೇ ಋತುವೆಂದು ಸೂತ್ರದಲ್ಲಿಲ್ಲ. ಆದರೆ ಬೇಸಿಗೆಗೆ ಮೊಸಳೆಯ ಭಯವಿಲ್ಲದ ಕೊಳಗಳಲ್ಲಿ ಜಲಕ್ರೀಡೆಯನ್ನು ಬೇರೆಯಾಗಿ ಹೇಳಿರುವುದರಿಂದ, ಮಾವು ಚಿಗುರಿ ಅಶೋಕ ಅರಳುವ ಕಾಲವೇ ಇದಕ್ಕೆ ಒಪ್ಪುವ ಕಾಲವೆಂದು ನನ್ನ ಊಹೆ. ಮುಂಜಾನೆಯೇ ಚೆನ್ನಾಗಿ ಅಲಂಕರಿಸಿಕೊಂಡು, ಕುದುರೆಗಳನ್ನೇರಿ, ಗಣಿಕೆಯರೊಡನೆ, ಪರಿಚಾರಕರು ಹಿಂಬಾಲಿಸುತ್ತಿರಲು ಹೊರಡಬೇಕು. ಹಗಲೆಲ್ಲ ಹುಂಜದ ಕಾಳಗ, ಜೂಜು, ಆಟಪಾಟಗಳಲ್ಲಿ ಕಳೆದು ಇಳಿಹೊತ್ತಿನಲ್ಲಿ, ತೋಟದಲ್ಲಿ ಸುಖಪಟ್ಟುದರ ಗುರುತನ್ನು ಧರಿಸಿಕೊಂಡು, ಹೋದ ಹಾಗೆಯೇ ಹಿಂದಿರುಗಬೇಕು. ಗುರುತು ಎಂದರೆ ಹೂಗೊಂಚಲು, ಚಿಗುರು ಎಂದಿಟ್ಟುಕೊಳ್ಳಬಹುದು.

ನಾಗರಕನ ಸೊಗಸುಗಾರಿಕೆಯನ್ನು ವರ್ಣಿಸಿ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. 'ಆಹಾ, ಎಂಥ ರಸಿಕ ಬಾಳು!' ಎಂದು ಒಂದು ನಿಟ್ಟುಸಿರನ್ನೂ ಸೇರಿಸುತ್ತಾರೆ. ಆದರೆ ಕುದುರೆಗಳ ಆ ಸಾಲಿನಲ್ಲಿ ನನ್ನ ಕಣ್ಣು ಒಬ್ಬಳನ್ನು ಹುಡುಕುತ್ತದೆ. ಗೃಹಸ್ಥನಾದ ಮೇಲಲ್ಲವೆ ಇದೆಲ್ಲ? ಹಾಗಾದರೆ ಗೃಹಿಣಿಯೆಲ್ಲಿ?

ಆಕೆ ಮೂರು ಅಧಿಕರಣ ದಾಟಿದ ಮೇಲೆ ಸಿಕ್ಕುತ್ತಾಳೆ. ನಾಲ್ಕನೆಯದಾದ ಭಾರ್ಯಾಧಿಕರಣದಲ್ಲಿ ಏಕಚಾರಿಣಿಯ ವೃತ್ತವೆಂದು ಅವಳ ದಿನಚರಿಯಿದೆ. ಅದೂ ಚಿಕ್ಕದೇನಲ್ಲ. ಅದರಲ್ಲಿ ನನ್ನ ಮನಸ್ಸನ್ನು ಸೆಳೆಯುವುದು ತೋಟದ ಪ್ರಕರಣ. ಸೊಪ್ಪಿನ ಮಡಿ, ಕಬ್ಬಿನ ಮೆಳೆ, ಜೀರಿಗೆ, ಸಾಸಿವೆ, ಓಮ, ಸಬ್ಬಸಿಗೆ ಇವನ್ನು ಅವಳು ಹಾಕಿಸಬೇಕು. ನೆಲ್ಲಿ, ಮಲ್ಲಿಗೆ, ಜಾಜಿ, ಗೋರಟೆ, ನಂದಿಬಟ್ಟಲು, ದಾಸವಾಳ ನೆಡಿಸಬೇಕು, ಲಾವಂಚ ಬೆಳೆಸಬೇಕು, ಕೂಡಲು ಸೊಗಸಾದ ಜಗಲಿ ಕಟ್ಟಿಸಿ, ನಡುವೆ ಬಾವಿಯನ್ನೋ ಕೊಳವನ್ನೋ ತೋಡಿಸಬೇಕು. ಮೂಲಂಗಿ, ಬದನೆ, ಸೌತೆ, ಕುಂಬಳ, ಸೋರೆ, ಸುವರ್ಣಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿಗಳ ಬೀಜಗೆಡ್ಡೆಗಳನ್ನು ಶೇಖರಿಸಿಟ್ಟು ಕಾಲಕ್ಕೆ ಸರಿಯಾಗಿ ಬಿತ್ತಿಸಬೇಕು. ಮೊದಲ ಅಧಿಕರಣದಲ್ಲಿ ಉಯ್ಯಾಲೆ ತೂಗುವ ತೋಟವೂ ಇದೇ. ಗೂಟದ ಮೇಲಿನ ಗೋರಟೆಯ ಮಾಲೆ ಬಂದದ್ದೂ ಇಲ್ಲಿಂದಲೇ ಇರಬೇಕು. ಗಂಡನ ಅಧ್ಯಾಯದಲ್ಲಿ ತೋಟ ತಾನಾಗಿಯೇ ಇದೆ. ಹೆಂಡತಿಯ ಅಧ್ಯಾಯದಲ್ಲಿ ಅದನ್ನು ಯಾರೋ ಬೆಳೆಸುತ್ತಿದ್ದಾರೆ.

ಅಷ್ಟೇ ಅಲ್ಲ. ವರ್ಷದ ಆದಾಯವನ್ನು ಲೆಕ್ಕ ಹಾಕಿ ಅದಕ್ಕೆ ತಕ್ಕ ವೆಚ್ಚ ಮಾಡುವುದು, ಊಟ ಮಾಡಿ ಮಿಕ್ಕ ಹಾಲಿನಿಂದ ತುಪ್ಪ ತೆಗೆಯುವುದು, ಎಣ್ಣೆ ಬೆಲ್ಲ ಮಾಡಿಸುವುದು, ಹತ್ತಿ ನೂಲಿಸಿ ನೇಯಿಸುವುದು, ಆಳುಗಳ ಸಂಬಳ ನೋಡಿಕೊಳ್ಳುವುದು ಎಲ್ಲ ಆಕೆಯದೇ. ಗಂಡ ದುಂದು ಮಾಡಿದರೆ ಏಕಾಂತದಲ್ಲಿ ತಿಳಿಹೇಳಬೇಕು. ಗಂಧ, ಮದ್ಯ, ಜೂಜು, ನಟರ ಸಂಭಾವನೆ ಇಷ್ಟೆಲ್ಲ ಇದ್ದ ಸಂಸಾರದಲ್ಲಿ ಆ ಏಕಾಂತಗಳು ಎಷ್ಟು ಬಾರಿ ಒದಗುತ್ತಿದ್ದುವೋ! ಹೊರಗೆ ಅವನ ದನಿ ಕೇಳಿಸಿದೊಡನೆ ಸಿದ್ಧಳಾಗಿ ಮನೆಯ ನಡುವೆ ನಿಂತಿರಬೇಕು. ದಾಸಿಯನ್ನು ಸರಿಸಿ ತಾನೇ ಅವನ ಕಾಲು ತೊಳೆಯಬೇಕು.

ಈ ಎರಡು ಅಧ್ಯಾಯಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಒಮ್ಮೆ ಓದಬೇಕು. ಸಂಜೆಯಾಗುತ್ತಿದೆ. ಬಾಗಿಲಲ್ಲಿ ಕುದುರೆ ನಿಂತಿತು. ಕಿವಿಯಲ್ಲಿ ಬೇರೆ ತೋಟದ ಚಿಗುರು ಮುಡಿದು ಆತ ಇಳಿದುಬಂದ. ಒಳಗೆ ಇವಳು ತಂಬಿಗೆ ಹಿಡಿದು ನಿಂತಿದ್ದಾಳೆ. ಸೂತ್ರಕಾರ ಈ ಎರಡನ್ನೂ ಒಂದೇ ಚಿತ್ರದಲ್ಲಿ ಬರೆದಿಲ್ಲ. ಒಂದು ಅಲ್ಲಿ, ಒಂದು ಇಲ್ಲಿ. ಆದರೂ ಆತ ಏನೂ ಕಾಣದವನಲ್ಲ. ಗಂಡನ ತಪ್ಪಿನಿಂದ ನೊಂದಾಗ ಅವಳು ಸ್ವಲ್ಪ ಮುನಿಸು ತೋರಬಹುದು, ಅತಿಯಾಗಿ ಆಡಬಾರದು, ಬೇರುಬಳ್ಳಿಯ ವಶೀಕರಣಕ್ಕಂತೂ ಹೋಗಕೂಡದು. ಅದರಷ್ಟು ನಂಬಿಕೆ ಕೆಡಿಸುವುದು ಬೇರೊಂದಿಲ್ಲವೆಂದು ಗೋನರ್ದೀಯನೆಂಬ ಹಿಂದಿನ ಆಚಾರ್ಯನ ಮತವನ್ನು ಎತ್ತಿ ಹೇಳುತ್ತಾನೆ. ಇಂಥ ಎಚ್ಚರಿಕೆ ಬೇಕಾದದ್ದು ಇಂಥ ಸಂಜೆಗಳು ಇದ್ದುದರಿಂದಲೇ.

ಆಕೆಗೆ ಹೊರಗಿನ ಗಾಳಿ ಇರಲೇ ಇಲ್ಲವೆ? ಇತ್ತು, ಅಪ್ಪಣೆಯ ಮೇಲೆ. ಮದುವೆ ಮುಂಜಿ, ಯಜ್ಞ, ಗೆಳತಿಯರೊಡನೆ ಗೋಷ್ಠಿ, ದೇವರ ದರ್ಶನ ಇವಕ್ಕೆ ಗಂಡನನ್ನು ಕೇಳಿಕೊಂಡು ಹೋಗಬಹುದು. ಎಲ್ಲ ಆಟಗಳಲ್ಲಿಯೂ ಅವನಿಗೆ ಒಪ್ಪುವಂತೆ ಸೇರಬಹುದು. ಗೋಷ್ಠಿ ಎಂಬ ಅದೇ ಮಾತನ್ನು ಅವಳಿಗೂ ಬಳಸಿದ್ದಾನೆಂಬುದನ್ನು ಗಮನಿಸಬೇಕು. ಆದರೆ ಆ ಗೋಷ್ಠಿಯಲ್ಲಿ ಏನು ಮಾತು ನಡೆಯುತ್ತಿತ್ತು, ಯಾವ ಕಥೆ, ಯಾವ ಸಮಸ್ಯೆ ಎಂದು ಒಂದಕ್ಷರವೂ ಇಲ್ಲ. ಗಂಡಸರ ಕೂಟದಲ್ಲಿ ಭಾಷೆ ಹೇಗಿರಬೇಕೆಂದು ಶ್ಲೋಕ ಕಟ್ಟಿದವನು ಹೆಂಗಸರ ಕೂಟದ ಬಾಗಿಲಿನಿಂದಲೇ ಹಿಂದಿರುಗಿದ್ದಾನೆ. ಒಳಗೆ ಬಿಡಲಿಲ್ಲವೋ ಏನೋ!

ಇನ್ನೊಂದು ಕಡೆ ಆತ ನಮ್ಮನ್ನು ಬೆರಗುಗೊಳಿಸುತ್ತಾನೆ. ಹೆಂಗಸರಿಗೆ ಶಾಸ್ತ್ರ ಕಲಿಸುವುದು ವ್ಯರ್ಥವೆಂದ ಆಚಾರ್ಯರನ್ನು ಎದುರಿಸಿ, ಕಲಿಯಬಹುದು, ಮದುವೆಗೆ ಮುಂಚೆಯೂ ಕಲಿಯಬಹುದು, ಮದುವೆಯಾದ ಮೇಲೆ ಗಂಡನ ಒಪ್ಪಿಗೆಯಿಂದಲೂ ಕಲಿಯಬಹುದು ಎಂದು ವಾದಿಸುತ್ತಾನೆ. ಅವಳು ಕಲಿಯಬೇಕಾದ 64 ಕಲೆಗಳ ಪಟ್ಟಿಯಲ್ಲಿ ಗೀತ, ವಾದ್ಯ, ಚಿತ್ರ, ಹೂಮಾಲೆ, ಒಗಟುಗಳಲ್ಲದೆ ಗಿಳಿ ಗೊರವಂಕಕ್ಕೆ ಮಾತು ಕಲಿಸುವುದೂ, ಹುಂಜ ಟಗರುಗಳ ಕಾಳಗದ ಕ್ರಮವೂ, ಗಿಡಮರಗಳ ಆರೈಕೆಯೂ ಬರುತ್ತವೆ. ನಾಗರಕನಿಗೆ ಹೊತ್ತು ಕಳೆಯುವ ಹವ್ಯಾಸವಾದದ್ದು ಅವಳಿಗೆ ಕೈಯಲ್ಲಿರಬೇಕಾದ ವಿದ್ಯೆ. ಏಕೆಂದರೆ, ಗಂಡನನ್ನು ಅಗಲಿ ಘೋರವಾದ ಕಷ್ಟಕ್ಕೆ ಸಿಕ್ಕಿದರೂ ಪರದೇಶದಲ್ಲಿಯೂ ಈ ವಿದ್ಯೆಗಳಿಂದ ಆಕೆ ಸುಖವಾಗಿ ಜೀವಿಸಬಲ್ಲಳು ಎನ್ನುತ್ತಾನೆ. ಕಾಮಸೂತ್ರದ ಬಗ್ಗೆ ಹಗುರಾಗಿ ಮಾತನಾಡುವವರು ಈ ಒಂದು ಮಾತಿಗಾದರೂ ಆ ಮುದುಕನನ್ನು ಮನ್ನಿಸಬೇಕು.

ಹೆಂಡತಿಯ ವಸಂತ ಹೇಗಿತ್ತೆಂಬುದಕ್ಕೆ ಸೂತ್ರಕ್ಕಿಂತ ನಾಟಕಗಳೇ ಮೇಲು. ಅರಮನೆಯ ಕಥೆಗಳಾದರೂ ಅಲ್ಲಿ ಹೆಂಗಸರು ಬಾಯಿ ಬಿಡುತ್ತಾರೆ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಹಿರಿಯ ರಾಣಿ ಧಾರಿಣಿ ಉಯ್ಯಾಲೆಯಿಂದ ಬಿದ್ದು ಕಾಲು ನೋಯಿಸಿಕೊಂಡಿದ್ದಾಳೆ. ಅಶೋಕ ಮರ ಹೂ ಬಿಡಬೇಕಾದರೆ ಹೆಣ್ಣಿನ ಕಾಲ ಸೋಂಕು ಬೇಕೆಂಬ ನಂಬಿಕೆ. ಕಾಲು ನೋವಾದ್ದರಿಂದ ತನ್ನ ಬದಲು ಮಾಲವಿಕೆಯನ್ನು ತೋಟಕ್ಕೆ ಕಳಿಸುತ್ತಾಳೆ. ಕಿರಿಯ ರಾಣಿ ಇರಾವತಿ ಅದೇ ವಸಂತದಲ್ಲಿ ಗಂಡನೊಡನೆ ಉಯ್ಯಾಲೆಯಾಡಬೇಕೆಂದು ಹೇಳಿಕಳಿಸಿ, ಅಲಂಕರಿಸಿಕೊಂಡು, ಸ್ವಲ್ಪ ಮದ್ಯವನ್ನೂ ಕುಡಿದು ಬರುತ್ತಾಳೆ. ಬಂದು ನೋಡಿದರೆ ಗಂಡ ಅಶೋಕದ ಕೆಳಗೆ ಮಾಲವಿಕೆಯೊಡನೆ! ಆಕೆ ಗೋನರ್ದೀಯನ ಬುದ್ಧಿವಾದವನ್ನು ಕೇಳಿದವಳಲ್ಲ. ಸೊಂಟದ ಡಾಬನ್ನೇ ಬಿಚ್ಚಿ ಮಹಾರಾಜನಿಗೆ ಹೊಡೆಯಹೋಗುತ್ತಾಳೆ. ವಿದ್ವಾಂಸರು ಇದನ್ನು ಹಾಸ್ಯವೆನ್ನುತ್ತಾರೆ. ಇರಾವತಿಗೆ ಅದು ಹಾಸ್ಯವಾಗಿರಲಿಲ್ಲ.

ಹರ್ಷನ (ಆಳ್ವಿಕೆ ಕ್ರಿ.ಶ. 606-647) ರತ್ನಾವಳಿಯಲ್ಲಿ ಮದನೋತ್ಸವದ ದಿನ ಕೌಶಾಂಬಿಯ ಬೀದಿಯೆಲ್ಲ ಬಣ್ಣದ ಹುಡಿ, ಜೀರ್ಕೊಳವಿಯ ನೀರು. ಅಂದು ತೋಟಕ್ಕೆ ಕರೆಯುವವಳು ರಾಣಿ ವಾಸವದತ್ತೆ, ಬರುವವನು ಗಂಡ. ಕೆಂಪು ಅಶೋಕದ ಬುಡದಲ್ಲಿ ಕಾಮನನ್ನು ಪೂಜಿಸಿ, ಆಮೇಲೆ ಅದೇ ಹೂವಿನಿಂದ ಗಂಡನನ್ನು ಪೂಜಿಸುತ್ತಾಳೆ. ಸೂತ್ರಗ್ರಂಥದಲ್ಲಿ ನಾನು ಹುಡುಕಿ ಕಾಣದ ದೃಶ್ಯ ಇಲ್ಲಿ ಸಿಕ್ಕಿತು: ಹೆಂಡತಿ ಮುಂದಾಗಿ ನಡೆಸಿದ ವನವಿಹಾರ. ಆದರೆ ಕವಿ ಆ ಸುಖವನ್ನು ಬಹಳ ಹೊತ್ತು ಉಳಿಸುವುದಿಲ್ಲ. ಮರೆಯಲ್ಲಿ ನಿಂತ ಸಾಗರಿಕೆ ರಾಜನನ್ನು ಕಂಡು ಮರುಳಾಗಿ ಅವನ ಚಿತ್ರ ಬರೆಯುತ್ತಾಳೆ. ಗೆಳತಿಯೊಡನೆ ಆಡಿದ ಗುಟ್ಟನ್ನು ಪಂಜರದಿಂದ ಹಾರಿದ ಗೊರವಂಕವೊಂದು ರಾಜನ ಕಿವಿಗೆ ಬೀಳುವಂತೆ ಒದರುತ್ತದೆ. ಚಿತ್ರದ ಹಲಗೆ ಕೊನೆಗೆ ರಾಣಿಯ ಕಣ್ಣಿಗೆ ಬೀಳುತ್ತದೆ. ನಾಗರಕನ ಗೂಟದ ಮೇಲಿನ ಹಲಗೆ, ಪಂಜರದ ಹಕ್ಕಿ ಎರಡೂ ಸಂಸಾರದಲ್ಲಿ ಮಾಡಬಲ್ಲ ಅನಾಹುತವನ್ನು ಹರ್ಷ ಚೆನ್ನಾಗಿ ಬಲ್ಲ.

ಅರಮನೆಯನ್ನು ಬಿಟ್ಟು ಹೊರಗೆ ಬಂದರೆ ಗಾಳಿ ಹಗುರವಾಗುತ್ತದೆ. ನಾಗರಕವೃತ್ತದ ಕೊನೆಯಲ್ಲಿ, ಎಲ್ಲರೂ ಕೂಡಿ ಆಡುವ ಆಟಗಳ ಒಂದು ಪಟ್ಟಿಯಿದೆ. ಮದನನ ಹಬ್ಬವಾದ ಸುವಸಂತಕ ಮೊದಲಾದವು ಎಲ್ಲ ದೇಶಕ್ಕೂ ಸಾಮಾನ್ಯ. ಉಳಿದವು ಆಯಾ ಸೀಮೆಯವು: ಮಾವಿನ ಕಾಯಿ ಕೀಳುವ ಆಟ, ತಾವರೆಯ ದಂಟು ತಿನ್ನುವ ಆಟ, ಹೊಸ ಚಿಗುರಿನ ಆಟ, ಬಿದಿರ ಕೊಳವೆಯಲ್ಲಿ ನೀರು ಚಿಮ್ಮುವ ಆಟ, ಕಡವದ ಹೂಗಳಿಂದ ಹೊಡೆದಾಡುವ ಆಟ, ಹೂತ ಒಂಟಿ ಬೂರುಗದ ಮರಕ್ಕೆ ಹೋಗಿ ಅದರ ಹೂವನ್ನೇ ಮುಡಿಯುವ ಆಟ. ಕೊನೆಯದು ವಿದರ್ಭದವರದೆಂದು 13ನೆಯ ಶತಮಾನದ ಜಯಮಂಗಲಾ ವ್ಯಾಖ್ಯಾನದ ಮಾತು. ತೆನೆಯನ್ನು ಸುಟ್ಟು ತಿನ್ನುವ 'ಅಭ್ಯೂಷಖಾದಿಕೆ'ಯೂ ಉಂಟು. ಧಾರವಾಡದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಳೆಯ ಜೋಳದ ಸೀತನಿಯನ್ನು ಹೊಲದಲ್ಲೇ ಸುಟ್ಟು, ಬಿಸಿಬಿಸಿಯಾಗಿ ಕೈಯಲ್ಲಿ ಉಜ್ಜಿ ತಿನ್ನುವವರೆಲ್ಲ ವಾತ್ಸ್ಯಾಯನನ ಪಟ್ಟಿಗೆ ಸೇರಿದವರೇ. ಈ ಆಟಗಳಿಗೆ ಕುದುರೆ ಬೇಡ, ಗಣಿಕೆ ಬೇಡ, ಹಣವಂತೂ ಬೇಡವೇ ಬೇಡ. ಜನರೊಡನೆ ಬೆರೆತು ಆಡಬೇಕೆಂದು ಸೂತ್ರ ಹೇಳುವಾಗ ಆ ಜನರಲ್ಲಿ ಹೆಂಗಸರು ಇರಲಿಲ್ಲವೆಂದು ನಾನು ನಂಬಲಾರೆ.

ಅವರದೇ ಆದ ಗೋಷ್ಠಿಯೂ ನಮ್ಮಲ್ಲಿ ಉಳಿದುಬಂದಿದೆ ಎನಿಸುತ್ತದೆ. ಚೈತ್ರ ಶುದ್ಧ ತದಿಗೆಯಿಂದ ಅಕ್ಷಯ ತೃತೀಯೆಯವರೆಗೆ ಗೌರಿಯನ್ನು ಪುಟ್ಟ ಉಯ್ಯಾಲೆಯಲ್ಲಿ ಕೂರಿಸಿ, ಮುತ್ತೈದೆಯರನ್ನು ಅರಿಶಿನ ಕುಂಕುಮಕ್ಕೆ ಕರೆಯುವ ಪದ್ಧತಿ ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಇದೆ. ಇಂದು ಈ ಮನೆ, ನಾಳೆ ಆ ಮನೆ. ಕೋಸಂಬರಿ, ಪಾನಕ, ನೆನೆಸಿದ ಕಡಲೆ. ಚಿಕ್ಕವನಾಗಿದ್ದಾಗ ಕೋಸಂಬರಿಯ ಆಸೆಯಿಂದ ಅಮ್ಮನ ಸೆರಗು ಹಿಡಿದು ನಾನೂ ಹೋದದ್ದುಂಟು. ಒಗಟಿನಲ್ಲಿ ಗಂಡನ ಹೆಸರು ಹೇಳಿಸುವ ಗಲಾಟೆ, ಹಾಡು, ನಗು ಎಲ್ಲ ನೆನಪಿದೆ. ಮಾತು ಸ್ವಾರಸ್ಯಕ್ಕೆ ಬರುತ್ತಲೂ 'ಹುಡುಗನನ್ನು ಹೊರಗೆ ಕಳಿಸಿರೇ' ಎಂದು ಯಾರಾದರೂ ಅನ್ನುತ್ತಿದ್ದರು. ದೇವರ ದರ್ಶನವೂ ಆಯಿತು, ಗೆಳತಿಯರ ಕೂಟವೂ ಆಯಿತು. ಅಪ್ಪಣೆ ಕೊಡುವ ಗಂಡ ಇಲ್ಲವೆನ್ನುವಂತಿಲ್ಲ.

ಕನ್ನಡನಾಡಿನ ಹಳೆಯ ಗುರುತುಗಳನ್ನು ನೋಡಿದರೆ ವಸಂತದ ಆಟದಲ್ಲಿ ಹೆಣ್ಣು ಹೆಚ್ಚು ಹೆಚ್ಚಾಗಿ ಎದುರಿಗೆ ಬರುತ್ತಾಳೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದ ಕೊನೆಯ ಭಾಗ 'ಕ್ರೀಡಾವಿಂಶತಿ', 20 ಆಟಗಳ ವರ್ಣನೆ. ಗುಡ್ಡದ ಆಟ, ವನದ ಆಟ, ಉಯ್ಯಾಲೆ, ನೀರೆರಚಾಟ, ಬೆಳದಿಂಗಳ ಆಟ ಹೀಗೆ ಸಾಗುತ್ತದೆ. ಇಲ್ಲಿ ದೊರೆ ತೋಟಕ್ಕೆ ಹೋಗುವುದು ಅಂತಃಪುರದ ಸ್ತ್ರೀಯರೊಡನೆ. ಅಂತಃಪುರವೆಂದರೆ ಒಬ್ಬಳಲ್ಲ, ಇದನ್ನು ದಾಂಪತ್ಯವೆಂದು ಹೊಗಳುವ ಮೊದಲು ಇರಾವತಿಯನ್ನು ನೆನೆಯಬೇಕು. ಅದಕ್ಕೆ 12 ವರ್ಷ ಹಿಂದೆ, 1117ರಲ್ಲಿ, ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ. ಅಲ್ಲಿಯ ಮದನಿಕೆಯರನ್ನು ಕತ್ತೆತ್ತಿ ನೋಡಿ: ಕನ್ನಡಿ ಹಿಡಿದವಳು ಒಬ್ಬಳು, ಗಿಳಿಯೊಡನೆ ಮಾತನಾಡುವವಳು ಒಬ್ಬಳು, ವಾದ್ಯ ಹಿಡಿದವರು ಹಲವರು. ನಾಗರಕನ ದಿನಚರಿಯ ಸಾಮಗ್ರಿ ಒಂದೊಂದಾಗಿ ಹೆಣ್ಣಿನ ಕೈಗೆ ಬಂದಿದೆ. ಶಿಲ್ಪಿಗೆ 64 ಕಲೆಗಳ ಪಟ್ಟಿ ನೆನಪಿದ್ದಿರಬೇಕು.

ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ವಸಂತೋತ್ಸವದ ನೀರೆರಚಾಟವನ್ನು ಬಿಡಿಸಿದ್ದಾರೆ. ಆ ಸಡಗರವನ್ನು ಬಾಯಿಮಾತಿನಲ್ಲಿ ಹೇಳಿದ ಪರದೇಶಿಯೂ ಒಬ್ಬನುಂಟು. ವೆನಿಸ್ಸಿನ ವ್ಯಾಪಾರಿ ನಿಕೊಲೊ ಕೊಂತಿ 15ನೆಯ ಶತಮಾನದ ಮೊದಲರ್ಧದಲ್ಲಿ ವಿಜಯನಗರಕ್ಕೆ ಬಂದಿದ್ದ. ಹಿಂದಿರುಗಿದ ಮೇಲೆ ಆತ ಹೇಳಿದ್ದನ್ನು ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲಿನಿ ಲ್ಯಾಟಿನ್ನಿನಲ್ಲಿ ಬರೆದಿಟ್ಟ. ಮೂರು ದಿನದ ಒಂದು ಹಬ್ಬವುಂಟು. ದಾರಿಯ ಬದಿಯಲ್ಲಿ ಕೇಸರಿಯ ನೀರು ತುಂಬಿಟ್ಟಿರುತ್ತಾರೆ. ಹೋಗಿಬರುವವರ ಮೇಲೆಲ್ಲ ಎರಚುತ್ತಾರೆ, ರಾಜ ಬಂದರೆ ರಾಜನ ಮೇಲೆ, ರಾಣಿ ಬಂದರೆ ರಾಣಿಯ ಮೇಲೆ. ಎಲ್ಲರೂ ನಗುತ್ತ ತೋಯಿಸಿಕೊಳ್ಳುತ್ತಾರೆ ಎಂಬುದು ಆತನ ಮಾತಿನ ಸಾರ. ಇದನ್ನು ನೆನಪಿಟ್ಟು ಹೇಳಿದವನೂ ಸಂಸಾರವಂದಿಗನೇ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡೇ ಪೂರ್ವದೇಶಗಳಿಂದ ಊರಿಗೆ ಹೊರಟಿದ್ದ. ದಾರಿಯಲ್ಲಿ, ಈಜಿಪ್ಟಿನಲ್ಲಿ, ಪ್ಲೇಗು ಅವನ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಒಯ್ದಿತು.